ಮೈಸೂರಿನ 30 ವ್ಯಾಟ್ ರೇಡಿಯೊ ವಿರೂಪಾಪುರಗಡ್ಡೆಗೆ ಕೇಳುತ್ತಿತ್ತೇ? ‘ಆಕಾಶವಾಣಿ’ ಗೋಪಾಲಸ್ವಾಮಿಯವರ ಕಥೆ

ರೇಡಿಯೊ ಬಗ್ಗೆ ವಾಟ್ಸಾಪ್‌ನಲ್ಲಿ ಎರಡು ಸಂದೇಶಗಳು ಆಗಾಗ ಸುತ್ತುತ್ತವೆ. ಆಕಾಶವಾಣಿ ಎಂಬ ಹೆಸರನ್ನು ಕೊಟ್ಟವರು ರವೀಂದ್ರನಾಥ ಠಾಕೂರರು ಎನ್ನುತ್ತದೆ ಮೊದಲನೆಯದು. ರಾತ್ರಿ ಹೊತ್ತು ದೂರದ ಸ್ಟೇಷನ್‌ಗಳು ಕೇಳುವುದಕ್ಕೆ ಊರೆಲ್ಲ ನಿಶ್ಶಬ್ದವಾಗಿರುವುದೇ ಕಾರಣ ಎನ್ನುತ್ತದೆ ಎರಡನೆಯದು. ಎರಡೂ ಸರಿಯಲ್ಲ. ಮೈಸೂರಿನ ಒಬ್ಬ ಮನಶ್ಶಾಸ್ತ್ರ ಮೇಷ್ಟ್ರ ಬದುಕನ್ನು ನೋಡಿದರೆ ಎರಡಕ್ಕೂ ಉತ್ತರ ಸಿಗುತ್ತದೆ. ಅವರೇ ಡಾ. ಎಂ. ವಿ. ಗೋಪಾಲಸ್ವಾಮಿ.

ಗೋಪಾಲಸ್ವಾಮಿ ಎಂಜಿನಿಯರ್ ಅಲ್ಲ, ಭೌತಶಾಸ್ತ್ರ ಕಲಿಸಿದವರೂ ಅಲ್ಲ. ಲಂಡನ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಮನಶ್ಶಾಸ್ತ್ರ ಕಲಿತು ಬಂದವರು. ಮನುಷ್ಯನ ಬುದ್ಧಿಶಕ್ತಿಯನ್ನು ಅಳೆಯುವುದು ಹೇಗೆ ಎಂಬ ಚರ್ಚೆಯಲ್ಲಿ ಇವತ್ತಿಗೂ ಬರುವ ಹೆಸರು ಈ ಸ್ಪಿಯರ್‌ಮನ್. ಮೈಸೂರು ವಿಶ್ವವಿದ್ಯಾಲಯ ಶುರುವಾಗಿದ್ದು 1916ರಲ್ಲಿ. ಬ್ರಜೇಂದ್ರನಾಥ ಸೀಲ್ ಕುಲಪತಿಗಳಾಗಿದ್ದಾಗ, 1924ರಲ್ಲಿ, ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗ ತೆರೆಯಿತು. ಕಲ್ಕತ್ತೆಯನ್ನು ಬಿಟ್ಟರೆ ಇಡೀ ದೇಶದಲ್ಲಿ ಇಂಥ ವಿಭಾಗ ಮೊದಲು ಬಂದ ಊರುಗಳಲ್ಲಿ ಮೈಸೂರೂ ಒಂದು. ಅದನ್ನು ಕಟ್ಟಿದವರು ಗೋಪಾಲಸ್ವಾಮಿ.

ಇಂಥವರಿಗೆ ರೇಡಿಯೊ ಗೀಳು ಹತ್ತಿತು. ಆ ಕಾಲದಲ್ಲಿ ರೇಡಿಯೊ ಲಾಭದ ಬಾಬತ್ತೇನೂ ಆಗಿರಲಿಲ್ಲ. 1927ರಲ್ಲಿ ಮುಂಬಯಿ ಮತ್ತು ಕಲ್ಕತ್ತೆಯಲ್ಲಿ ತಲಾ 1,500 ವ್ಯಾಟ್‌ನ ಕೇಂದ್ರ ತೆರೆದಿದ್ದ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಮೂರೇ ವರ್ಷಕ್ಕೆ ಬಾಗಿಲು ಹಾಕಿತ್ತು. ರೇಡಿಯೊ ಇಟ್ಟುಕೊಳ್ಳಬೇಕಾದರೆ ವರ್ಷಕ್ಕೆ 10 ರೂಪಾಯಿ ಕೊಟ್ಟು ಲೈಸೆನ್ಸ್ ಪಡೆಯಬೇಕಿತ್ತು. ಅಂದಿನ 10 ರೂಪಾಯಿ ಬಡವರ ಮಾತಲ್ಲ. ಬ್ರಿಟಿಷ್ ಸರ್ಕಾರ ಪ್ರಸಾರವನ್ನು ತಾನೇ ವಹಿಸಿಕೊಂಡು ಲಂಡನ್ನಿನಿಂದ ಲಯನಲ್ ಫೀಲ್ಡನ್ ಎಂಬವರನ್ನು ಕರೆಸಿದ್ದು 1935ರ ಆಗಸ್ಟ್‌ನಲ್ಲಿ. ದೆಹಲಿ ಕೇಂದ್ರ ಇನ್ನೂ ಶುರುವಾಗಿರಲಿಲ್ಲ.

ಫೀಲ್ಡನ್ ಬಂದ ಮರುತಿಂಗಳೇ, 1935ರ ಸೆಪ್ಟೆಂಬರ್ 10ರಂದು, ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರು. ಮನೆಯ ಹೆಸರು ವಿಠ್ಠಲ ವಿಹಾರ. ಕೈಲಿದ್ದದ್ದು 30 ವ್ಯಾಟ್‌ನ ಒಂದು ಟ್ರಾನ್ಸ್‌ಮಿಟರ್. ಖರ್ಚು ಹೆಚ್ಚಿನಂಶ ಸ್ವಂತದ್ದು. ಕೇಂದ್ರಕ್ಕೆ ಇಟ್ಟ ಹೆಸರು ಆಕಾಶವಾಣಿ.

30 ವ್ಯಾಟ್ ಎಂದರೆ ಎಷ್ಟು ಗೊತ್ತೇ? ನಮ್ಮ ಮನೆಗಳಲ್ಲಿದ್ದ ಹಳೆಯ 60 ವ್ಯಾಟ್ ಬಲ್ಬಿನ ಅರ್ಧ. ಇಷ್ಟನ್ನು ಇಟ್ಟುಕೊಂಡು ಒಂದು ಊರಿಗೆ ಹಾಡು, ಭಾಷಣ ಕೇಳಿಸುವುದು ಆಗುತ್ತದೆ. ಒಂದು ನಾಡಿಗೆ ಕೇಳಿಸುವುದು ಆಗುತ್ತದೆಯೇ? ಇದನ್ನು ತಿಳಿಯಲು ಒಂದು ದೂರದ ಜಾಗ ಹಿಡಿಯೋಣ.

ಗಡ್ಡೆಯಿಂದ ನೋಡಿದರೆ

ವಿರೂಪಾಪುರಗಡ್ಡೆ ಗಂಗಾವತಿ ತಾಲ್ಲೂಕಿನಲ್ಲಿದೆ. ತುಂಗಭದ್ರೆ ಎರಡು ಕವಲಾಗಿ ಸುತ್ತುವರಿದ ನಡುಗಡ್ಡೆ. ಎದುರು ದಡದಲ್ಲಿ ಹಂಪಿಯ ವಿರೂಪಾಕ್ಷ ಗೋಪುರ. 2020ರಲ್ಲಿ ಕೋರ್ಟ್ ಆದೇಶದ ಮೇಲೆ ರೆಸಾರ್ಟ್‌ಗಳನ್ನು ಕೆಡವಿದಾಗ ಟಿವಿಯಲ್ಲಿ ನೀವು ಈ ಹೆಸರು ಕೇಳಿರುತ್ತೀರಿ. 1935ರಲ್ಲಿ ಈ ಗಡ್ಡೆ ಇದ್ದದ್ದು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ. ಹರಿಗೋಲು ಹತ್ತಿ ಹೊಳೆ ದಾಟಿದರೆ ಮದ್ರಾಸ್ ಪ್ರಾಂತ್ಯ. ಗೋಪಾಲಸ್ವಾಮಿಯವರ ಮನೆ ಇದ್ದದ್ದು ಮೂರನೆಯದಾದ ಮೈಸೂರು ಸಂಸ್ಥಾನದಲ್ಲಿ. ಕನ್ನಡ ಮಾತಾಡುವವರು ಮೂರೂ ಕಡೆ ಇದ್ದರು, ಸರ್ಕಾರಗಳು ಮಾತ್ರ ಬೇರೆ ಬೇರೆ. ರೇಡಿಯೊ ಅಲೆಗೆ ಗಡಿ ಚೌಕಿಯ ಹಂಗಿಲ್ಲ. ಆದರೆ ಅದಕ್ಕೆ ಬೇರೆ ತಡೆಗಳಿವೆ.

ಮೊದಲ ತಡೆ ಭೂಮಿಯ ಗುಂಡಗಿನ ಆಕಾರ. ಮೈಸೂರಿನಿಂದ ವಿರೂಪಾಪುರಗಡ್ಡೆಗೆ ಹಕ್ಕಿ ಹಾರುವ ದಾರಿಯಲ್ಲಿ ಸುಮಾರು 340 ಕಿಲೋಮೀಟರ್. ಈ ಎರಡು ಊರುಗಳ ನಡುವೆ ಒಂದು ನೇರ ದಾರ ಎಳೆದರೆ ಅದು ನೆಲದೊಳಗೆ ಹೋಗುತ್ತದೆ. ನಡುಮಧ್ಯದಲ್ಲಿ ಭೂಮಿ ಆ ದಾರಕ್ಕಿಂತ 2.2 ಕಿಲೋಮೀಟರ್‌ನಷ್ಟು ಉಬ್ಬಿರುತ್ತದೆ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ ಎರಡು ಕಿಲೋಮೀಟರ್ ಕೂಡ ಇಲ್ಲ. ಅಂದರೆ ಮೈಸೂರಿಗೂ ಹಂಪಿ ಸೀಮೆಗೂ ನಡುವೆ ಮುಳ್ಳಯ್ಯನಗಿರಿಗಿಂತ ದೊಡ್ಡದೊಂದು ಗುಡ್ಡ ಅಡ್ಡ ನಿಂತಂತೆಯೇ ಲೆಕ್ಕ. ಬೆಳಕಿನ ಹಾಗೆ ನೇರ ಹೋಗುವ ಅಲೆಯಾದರೆ ಅಲ್ಲಿಗೇ ಮುಗಿಯಿತು.

ಇಲ್ಲಿ ಆವರ್ತನ ಮುಖ್ಯವಾಗುತ್ತದೆ. ಅಲೆ ಒಂದು ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಎಂಬುದೇ ಆವರ್ತನ. ಅದು ಕಡಿಮೆಯಾದಷ್ಟೂ ಅಲೆಯ ಉದ್ದ ಹೆಚ್ಚು. ಹೊಸಪೇಟೆ ಎಫ್‌ಎಂ ಬರುವ 100.5 ಮೆಗಾಹರ್ಟ್ಜ್‌ನಲ್ಲಿ ಅಲೆಯ ಉದ್ದ ಮೂರು ಮೀಟರ್. ಕೊಪ್ಪಳ ಸೀಮೆಯ ಹಿರಿಯರಿಗೆ ಬಾಯಿಪಾಠವಾಗಿದ್ದ ಧಾರವಾಡದ 765 ಕಿಲೋಹರ್ಟ್ಜ್‌ನಲ್ಲಿ ಅಲೆಯ ಉದ್ದ 392 ಮೀಟರ್. ಮೂರು ಮೀಟರ್ ಅಲೆಗೆ ಗಡ್ಡೆಯ ಸುತ್ತಲಿನ ಬಂಡೆಗುಡ್ಡ ಗೋಡೆಯಿದ್ದಂತೆ. ಹೊಸಪೇಟೆ ಹತ್ತು ಹನ್ನೆರಡು ಕಿಲೋಮೀಟರ್‌ನಲ್ಲೇ ಇದ್ದರೂ ಬಂಡೆಯ ಮರೆಗೆ ಹೋದರೆ ಎಫ್‌ಎಂ ಕರಕರ ಅನ್ನಬಹುದು. 392 ಮೀಟರ್ ಅಲೆಗೆ ಅದೇ ಬಂಡೆ ಲೆಕ್ಕಕ್ಕೇ ಇಲ್ಲ. ದೊಡ್ಡ ನೀರಿನ ಅಲೆ ಸಣ್ಣ ಕಲ್ಲನ್ನು ಬಳಸಿಕೊಂಡು ಹೋಗುವ ಹಾಗೆ ಅದು ಬಳಸಿ ಹೋಗುತ್ತದೆ. ಭೂಮಿಯ ಉಬ್ಬಿನ ಮೇಲೂ ನೆಲಕ್ಕೆ ಅಂಟಿಕೊಂಡಂತೆ ಬಾಗುತ್ತ ಸಾಗುತ್ತದೆ. ಇದನ್ನು ನೆಲದಲೆ ಎನ್ನೋಣ.

ನಿಮ್ಮ ಫೋನಿಗೂ ಇದೇ ನಿಯಮ. 5ಜಿಯಲ್ಲಿ 700 ಮೆಗಾಹರ್ಟ್ಜ್ ಪಟ್ಟಿ ಗೋಡೆ ದಾಟಿ ದೂರ ಹೋಗುತ್ತದೆ, 3,500 ಮೆಗಾಹರ್ಟ್ಜ್ ಪಟ್ಟಿ ವೇಗ ಹೆಚ್ಚು ಕೊಟ್ಟರೂ ಟವರ್ ಹತ್ತಿರವೇ ಇರಬೇಕು. ಆವರ್ತನ ಹೆಚ್ಚಾದರೆ ಶಕ್ತಿ ಹೆಚ್ಚು, ಹಾಗಾಗಿ ದೂರ ಹೆಚ್ಚು ಎಂದು ಬರೆದಿರುವ ಫಾರ್ವರ್ಡ್ ಬಂದರೆ ಅದು ತಲೆಕೆಳಗಾದ ಮಾತು ಎಂದು ತಿಳಿಯಿರಿ.

ನೆಲದಲೆಗೂ ಒಂದು ಮಿತಿಯಿದೆ. ಹೋಗ್ತಾ ಹೋಗ್ತಾ ನೆಲ ಅದರ ಶಕ್ತಿಯನ್ನು ಹೀರುತ್ತದೆ. ಸಮುದ್ರದ ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಸುವುದರಿಂದ ಅದರ ಮೇಲೆ ನಷ್ಟ ಬಹಳ ಕಡಿಮೆ. ಗಂಗಾವತಿಯ ಭತ್ತದ ಗದ್ದೆಯಂಥ ಹಸಿ ಮಣ್ಣು ಪರವಾಗಿಲ್ಲ. ಒಣ ಗ್ರಾನೈಟ್ ಬಂಡೆ ತೀರಾ ಕೆಟ್ಟದ್ದು. ಮೈಸೂರಿನಿಂದ ಉತ್ತರಕ್ಕೆ ಬರುವ ದಾರಿಯುದ್ದಕ್ಕೂ ಬಹುಪಾಲು ಒಣಭೂಮಿ, ಕಲ್ಲುಭೂಮಿ. ಮೀಡಿಯಂ ವೇವ್‌ನಲ್ಲಿ 30 ವ್ಯಾಟ್‌ನ ನೆಲದಲೆ ಹಗಲಿನಲ್ಲಿ 340 ಕಿಲೋಮೀಟರ್ ದಾಟಿ ಗಡ್ಡೆಯಲ್ಲಿ ಕೇಳಿಸುವುದು ಆಗದ ಮಾತು.

ರಾತ್ರಿಯಾದರೆ ಕಥೆ ಬದಲಾಗುತ್ತದೆ.

ಹಿರಿಯೂರಿನ ಮೇಲೆ ನೂರು ಕಿಲೋಮೀಟರ್

1901ರ ಡಿಸೆಂಬರ್ 12ರಂದು ಮಾರ್ಕೋನಿ ಇಂಗ್ಲೆಂಡಿನ ಪೋಲ್ಡು ಎಂಬ ಊರಿನಿಂದ ಕಳಿಸಿದ ಸಂಕೇತವನ್ನು ಅಟ್ಲಾಂಟಿಕ್ ಸಾಗರದ ಆಚೆ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಕೇಳಿದೆನೆಂದು ಪ್ರಕಟಿಸಿದಾಗ ವಿಜ್ಞಾನಿಗಳು ತಬ್ಬಿಬ್ಬಾದರು. 3,500 ಕಿಲೋಮೀಟರ್‌ನಷ್ಟು ದೂರ, ನಡುವೆ ನೂರಾರು ಕಿಲೋಮೀಟರ್ ಎತ್ತರದ ಭೂಮಿಯ ಉಬ್ಬು. ಅಂದು ನಿಜವಾಗಿ ಕೇಳಿತೋ, ಇಲ್ಲ ಗುಡುಗುಮಿಂಚಿನ ಚಟಪಟವೋ ಎಂದು ವಾದಿಸುವವರು ಈಗಲೂ ಇದ್ದಾರೆ. ಆದರೆ ಆ ಸುದ್ದಿ ಒಂದು ಒಳ್ಳೆಯ ಪ್ರಶ್ನೆ ಹುಟ್ಟಿಸಿತು. ಮರುವರ್ಷ ಬ್ರಿಟನ್ನಿನ ಆಲಿವರ್ ಹೆವಿಸೈಡ್, ಅಮೆರಿಕದ ಆರ್ಥರ್ ಕೆನೆಲಿ ಇಬ್ಬರೂ ಬೇರೆ ಬೇರೆಯಾಗಿ ಒಂದೇ ಉತ್ತರ ಕೊಟ್ಟರು: ಆಕಾಶದಲ್ಲಿ ಮೇಲೆಲ್ಲೋ ವಿದ್ಯುತ್ ಹರಿಸಬಲ್ಲ ಪದರವಿದೆ, ಅಲೆಗಳು ಅದಕ್ಕೆ ತಾಗಿ ಹಿಂತಿರುಗುತ್ತವೆ. 1924ರಲ್ಲಿ ಎಡ್ವರ್ಡ್ ಆಪಲ್ಟನ್ ಪ್ರಯೋಗ ಮಾಡಿ ಇದನ್ನು ತೋರಿಸಿದರು. 1947ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮ ದೇಶದಲ್ಲಿ ಕಲ್ಕತ್ತೆಯ ಶಿಶಿರ್ ಕುಮಾರ್ ಮಿತ್ರ ಈ ಪದರಗಳನ್ನು ಅಳೆಯುವ ಕೆಲಸಕ್ಕೆ ಬದುಕನ್ನೇ ಕೊಟ್ಟರು. ಗೋಪಾಲಸ್ವಾಮಿ ಮೈಸೂರಿನಲ್ಲಿ ಟ್ರಾನ್ಸ್‌ಮಿಟರ್ ಹಚ್ಚುವ ಹೊತ್ತಿಗೆ ಇದೆಲ್ಲ ಹೊಚ್ಚಹೊಸ ವಿಜ್ಞಾನ.

ಪದರ ಎಂದರೆ ತಗಡಿನ ಚಾವಣಿಯಲ್ಲ. ಸೂರ್ಯನ ಪ್ರಖರ ಕಿರಣಗಳು ಮೇಲಿನ ಗಾಳಿಯ ಕಣಗಳಿಂದ ಎಲೆಕ್ಟ್ರಾನ್‌ಗಳನ್ನು ಕಿತ್ತು ಬಿಡುಗಡೆ ಮಾಡಿರುತ್ತವೆ. ಆ ಪ್ರದೇಶಕ್ಕೆ ಅಯಾನುಗೋಳ ಎನ್ನುತ್ತಾರೆ. ಅದರಲ್ಲಿ ಕೆಳಗಿನದು ಡಿ ಪದರ, ಸುಮಾರು 60ರಿಂದ 90 ಕಿಲೋಮೀಟರ್ ಎತ್ತರ. ಅದರ ಮೇಲೆ, ನೂರು ಕಿಲೋಮೀಟರ್‌ನ ಆಸುಪಾಸು, ಇ ಪದರ. ಇನ್ನೂ ಮೇಲೆ ಎಫ್ ಪದರ.

ಹಗಲು ಮೈಸೂರಿನಿಂದ ಮೇಲಕ್ಕೆ ಹೊರಟ ಮೀಡಿಯಂ ವೇವ್ ಅಲೆ ಮೊದಲು ಹೊಗುವುದು ಡಿ ಪದರವನ್ನು. ಅಲೆ ಅಲ್ಲಿನ ಎಲೆಕ್ಟ್ರಾನ್‌ಗಳನ್ನು ಅಲುಗಾಡಿಸುತ್ತದೆ. ಅಷ್ಟು ಕೆಳಗೆ ಗಾಳಿ ಇನ್ನೂ ಒಂದಿಷ್ಟು ದಟ್ಟವಾಗಿರುವುದರಿಂದ ಅಲುಗುವ ಎಲೆಕ್ಟ್ರಾನ್‌ಗಳು ಪಕ್ಕದ ಕಣಗಳಿಗೆ ಡಿಕ್ಕಿ ಹೊಡೆಯುತ್ತವೆ. ಅಲೆಯ ಶಕ್ತಿ ಶಾಖವಾಗಿ ಕರಗಿಹೋಗುತ್ತದೆ. ಸಂತೆಯ ಗದ್ದಲದಲ್ಲಿ ಓಡಲು ಹೋದವನ ಪಾಡು. ಸೂರ್ಯ ಮುಳುಗಿದ ಮೇಲೆ ಡಿ ಪದರದ ಎಲೆಕ್ಟ್ರಾನ್‌ಗಳು ಬೇಗನೆ ಮತ್ತೆ ಕಣಗಳಿಗೆ ಸೇರಿಕೊಂಡು ಪದರವೇ ಮಾಯವಾಗುತ್ತದೆ. ಆಗ ಅಲೆಗೆ ದಾರಿ ಬಿಡುವು. ಮೇಲಿನ ತೆಳುಗಾಳಿಯ ಪದರಕ್ಕೆ ಹೋಗಿ, ಹೆಚ್ಚು ನಷ್ಟವಿಲ್ಲದೆ ಬಾಗಿ, ಕೆಳಗಿಳಿಯುತ್ತದೆ. ಇದು ಬಾನಲೆ.

ಮೈಸೂರು ಮತ್ತು ವಿರೂಪಾಪುರಗಡ್ಡೆಯ ನಡುವಿನ ಮಧ್ಯಬಿಂದು ಹೆಚ್ಚುಕಡಿಮೆ ಹಿರಿಯೂರಿನ ಆಸುಪಾಸಿನಲ್ಲಿ ಬೀಳುತ್ತದೆ. ಹಾಗಾಗಿ ರಾತ್ರಿಯ ಅಲೆ ಹಿರಿಯೂರು ಸೀಮೆಯ ಮೇಲೆ ನೂರು ಕಿಲೋಮೀಟರ್ ಎತ್ತರಕ್ಕೆ ಹೋಗಿ ಅಲ್ಲಿಂದ ಗಡ್ಡೆಗೆ ಇಳಿಯಬೇಕು. ಒಟ್ಟು ದಾರಿ ಸುಮಾರು 390 ಕಿಲೋಮೀಟರ್. ನೇರ ದಾರಿಗಿಂತ ಐವತ್ತೇ ಕಿಲೋಮೀಟರ್ ಹೆಚ್ಚು. ಒಣಭೂಮಿಯೂ ಇಲ್ಲ, ಬಂಡೆಯೂ ಇಲ್ಲ.

ಹಾಗಾದರೆ ಕೇಳುತ್ತಿತ್ತೇ? 30 ವ್ಯಾಟ್ ಅಲೆ ಇಷ್ಟು ದೂರ ಬಂದಾಗ ತೀರಾ ಕ್ಷೀಣವಾಗಿರುತ್ತದೆ. ಚಳಿಗಾಲದ ಗುಡುಗಿಲ್ಲದ ರಾತ್ರಿ, ಎರಡು ಮರಗಳ ನಡುವೆ ಉದ್ದನೆಯ ತಂತಿ ಕಟ್ಟಿ, ಒಳ್ಳೆಯ ವಾಲ್ವ್ ಸೆಟ್ಟಿನ ಮುಂದೆ ತಾಳ್ಮೆಯಿಂದ ಕೂತರೆ ಗೊರಗೊರದ ನಡುವೆ ಒಂದೆರಡು ಮಾತು ಸಿಕ್ಕರೆ ಸಿಕ್ಕೀತು. ಮಳೆಗಾಲದಲ್ಲಿ ಮಿಂಚಿನ ಸದ್ದೇ ಅದನ್ನು ಮುಚ್ಚಿಹಾಕುತ್ತದೆ. ದಿನಾ ಕೂತು ಕೇಳುವ ರೇಡಿಯೊ ಮಾತ್ರ ಅದಾಗಲಾರದು.

ಇನ್ನು ಆ ನಿಶ್ಶಬ್ದದ ಫಾರ್ವರ್ಡ್. ರಾತ್ರಿ ಹೊತ್ತು ಹೊಳೆಯಾಚೆಯ ಕಪ್ಪೆ ಕೂಗು, ಗುಡಿಯ ಗಂಟೆ ಗಡ್ಡೆಯವರೆಗೆ ಸ್ಪಷ್ಟವಾಗಿ ಕೇಳುವುದು ನಿಜ. ಅದು ಶಬ್ದದ ಕಥೆ. ನೆಲದ ಹತ್ತಿರದ ತಂಪು ಗಾಳಿ ಶಬ್ದವನ್ನು ಕೆಳಕ್ಕೆ ಬಾಗಿಸುತ್ತದೆ. ರೇಡಿಯೊ ಅಲೆ ಶಬ್ದವಲ್ಲ. ರಾತ್ರಿಯ ರೇಡಿಯೊಗೆ ಕಾರಣ ಸೂರ್ಯ ಮುಳುಗಿದ್ದು, ಊರು ಮಲಗಿದ್ದಲ್ಲ. ರಾತ್ರಿ ಧಾರವಾಡ ಒಮ್ಮೆ ಜೋರಾಗಿ, ಒಮ್ಮೆ ಬಾವಿಯೊಳಗಿಂದ ಬಂದಂತೆ ಕೇಳುತ್ತಿದ್ದದ್ದಕ್ಕೂ ಇದೇ ಬಾನಲೆ ಕಾರಣ. ನೆಲದಿಂದ ಬಂದ ಅಲೆ, ಆಕಾಶದಿಂದ ಇಳಿದ ಅಲೆ ಎರಡೂ ಕೂಡಿದಾಗ ಕೆಲವೊಮ್ಮೆ ಒಂದಕ್ಕೊಂದು ಬಲ ಕೊಡುತ್ತವೆ, ಕೆಲವೊಮ್ಮೆ ಒಂದನ್ನೊಂದು ಅಳಿಸುತ್ತವೆ. ಸೆಟ್ಟಿನ ತಲೆಗೆ ಎರಡೇಟು ಕೊಟ್ಟರೆ ಅದು ಸರಿಹೋಗುವುದಿಲ್ಲ.

ಮನೆಯಿಂದ ಸಂಸ್ಥಾನಕ್ಕೆ

ಗೋಪಾಲಸ್ವಾಮಿಯವರಿಗೂ 30 ವ್ಯಾಟ್ ಸಾಲಲಿಲ್ಲ. ಮುಂದೆ 250 ವ್ಯಾಟ್‌ನ ಟ್ರಾನ್ಸ್‌ಮಿಟರ್ ಬಂತು. ಶಕ್ತಿ ಎಂಟು ಪಟ್ಟಿಗಿಂತ ಹೆಚ್ಚಾಯಿತು ಎಂದು ಕೇಳುವ ದೂರವೂ ಎಂಟು ಪಟ್ಟು ಆಗುವುದಿಲ್ಲ. ಅಲೆಯ ಬಲ ಶಕ್ತಿಯ ವರ್ಗಮೂಲದಂತೆ ಏರುವುದರಿಂದ ಅದೇ ಜಾಗದಲ್ಲಿ ಬಲ ಮೂರು ಪಟ್ಟಿಗಿಂತ ಸ್ವಲ್ಪ ಕಡಿಮೆ ಹೆಚ್ಚುತ್ತದೆ, ಅಷ್ಟೇ. ರೇಡಿಯೊದಲ್ಲಿ ದೂರವನ್ನು ವ್ಯಾಟ್‌ನಿಂದ ಕೊಳ್ಳಲು ಹೊರಟರೆ ಕಿಸೆ ಬೇಗ ಬರಿದಾಗುತ್ತದೆ. ಒಬ್ಬ ಪ್ರಾಧ್ಯಾಪಕರ ಸಂಬಳದಲ್ಲಿ ಇದು ಎಷ್ಟು ದಿನ ನಡೆದೀತು? ಸುಮಾರು ಆರು ವರ್ಷ ನಡೆಸಿದರು ಎಂಬುದೇ ನನ್ನ ಮಟ್ಟಿಗೆ ಅವರ ಬದುಕಿನ ದೊಡ್ಡ ಸಂಗತಿ. ಸಾರ್ವಜನಿಕರ ನೆರವು, ಮೈಸೂರು ಪುರಸಭೆಯ ನೆರವು ಸೇರಿದರೂ ಹೊರೆ ಅವರದೇ. ಬಂಡವಾಳ ಹೂಡಿದ್ದ ಕಂಪನಿ ಮೂರು ವರ್ಷಕ್ಕೆ ಕೈಚೆಲ್ಲಿದ ಕೆಲಸ ಇದು.

1942ರಲ್ಲಿ ಮೈಸೂರು ಸರ್ಕಾರ ಕೇಂದ್ರವನ್ನು ವಹಿಸಿಕೊಂಡಿತು. ಮುಂದೆ ಅದು ವಿಠ್ಠಲ ವಿಹಾರದಿಂದ ಕೂಗಳತೆಯ ದೂರದಲ್ಲಿ, ಯಾದವಗಿರಿಯ ಈಗಿನ ಕಟ್ಟಡಕ್ಕೆ ಹೋಯಿತು. 1950ರ ಏಪ್ರಿಲ್ 1ರಂದು ಸಂಸ್ಥಾನಗಳ ರೇಡಿಯೊ ಕೇಂದ್ರಗಳೆಲ್ಲ ಕೇಂದ್ರ ಸರ್ಕಾರದ ಆಲ್ ಇಂಡಿಯಾ ರೇಡಿಯೊಗೆ ಸೇರಿದವು. ಮೈಸೂರಿನ ಜೊತೆ ನಿಜಾಮರ ಹೈದರಾಬಾದ್ ಕೇಂದ್ರವೂ ಸೇರಿತು. ಅದೇ ವರ್ಷ ಜನವರಿ 8ರಂದು ಧಾರವಾಡ ಕೇಂದ್ರ ತೆರೆದಿತ್ತು. ಗಡ್ಡೆಗೆ ಕನ್ನಡ ರೇಡಿಯೊ ಹತ್ತಿರವಾದದ್ದು ಹೀಗೆ, 340 ಕಿಲೋಮೀಟರ್ ಇದ್ದದ್ದು ಸುಮಾರು 150ಕ್ಕೆ ಇಳಿದು. 1955ರಲ್ಲಿ ಮೈಸೂರು ಕೇಂದ್ರವನ್ನು ಬೆಂಗಳೂರಿಗೆ ಒಯ್ದರು. ಮೈಸೂರಿಗೆ ಮತ್ತೆ ತನ್ನ ಕೇಂದ್ರ ಸಿಕ್ಕಿದ್ದು 1974ರಲ್ಲಿ.

ಅಲೆ ಇನ್ನೂ ಉದ್ದವಾದರೆ ಏನಾಗುತ್ತದೆ ಎಂಬುದನ್ನೂ ಹೇಳಿಬಿಡಬೇಕು, ಏಕೆಂದರೆ ಇದರ ಬಗ್ಗೆಯೂ ಭಯದ ಸಂದೇಶಗಳು ಹರಿದಾಡುತ್ತವೆ. ತಮಿಳುನಾಡಿನ ತಿರುನಲ್ವೇಲಿ ಬಳಿ ನೌಕಾಪಡೆಯ ಐಎನ್‌ಎಸ್ ಕಟ್ಟಬೊಮ್ಮನ್ ಕೇಂದ್ರವಿದೆ. ಅಲ್ಲಿಂದ ಹೊರಡುವ ಅಲೆಯ ಉದ್ದ ಮೀಟರ್‌ಗಳಲ್ಲಿಲ್ಲ, ಹತ್ತಾರು ಕಿಲೋಮೀಟರ್‌ಗಳಲ್ಲಿದೆ. ಅಷ್ಟು ಉದ್ದದ ಅಲೆಗೆ ಡಿ ಪದರ ಹೀರುವ ಸಂತೆಯಲ್ಲ, ಥಟ್ಟನೆ ಎದುರಾಗುವ ಚಾವಣಿ. ನೆಲ ಮತ್ತು ಆ ಚಾವಣಿಯ ನಡುವಿನ ಸಂದಿಯಲ್ಲಿ, ಕೊಳವೆಯಲ್ಲಿ ಹರಿಯುವ ನೀರಿನಂತೆ, ಅದು ಹಗಲು ರಾತ್ರಿ ಎನ್ನದೆ ಸಾವಿರಾರು ಕಿಲೋಮೀಟರ್ ಹೋಗುತ್ತದೆ. ಸಮುದ್ರದ ನೀರಿನೊಳಕ್ಕೂ ಕೆಲವು ಮೀಟರ್ ಇಳಿಯುವುದರಿಂದ ಮುಳುಗಿರುವ ಜಲಾಂತರ್ಗಾಮಿಗೆ ಸಂದೇಶ ಮುಟ್ಟುತ್ತದೆ. ಇಂಥದೇ ಎರಡನೇ ಕೇಂದ್ರಕ್ಕೆ 2024ರ ಅಕ್ಟೋಬರ್‌ನಲ್ಲಿ ತೆಲಂಗಾಣದ ವಿಕಾರಾಬಾದ್ ಜಿಲ್ಲೆಯ ದಾಮಗುಂಡಂನಲ್ಲಿ ಅಡಿಗಲ್ಲು ಬಿತ್ತು. ನಮ್ಮ ಕಲಬುರಗಿ ಗಡಿಯಿಂದ ದೂರವೇನಲ್ಲ. ಅಲ್ಲಿ ಕಾಡು ಕಡಿಯುವುದರ ಬಗ್ಗೆ ಎದ್ದ ಪ್ರಶ್ನೆ ನ್ಯಾಯವಾದದ್ದು, ಅದಕ್ಕೆ ಉತ್ತರ ಬೇಕು. ಆದರೆ ಸುತ್ತಲಿನ ಊರುಗಳಿಗೆ ಎಕ್ಸ್‌ರೇಯಂಥ ವಿಕಿರಣ ಬೀಳುತ್ತದೆ ಎಂಬುದು ಬೇರೆ ಮಾತು. ಕಣಗಳಿಂದ ಎಲೆಕ್ಟ್ರಾನ್ ಕೀಳುವ ತಾಕತ್ತು ಎಕ್ಸ್‌ರೇಗೆ ಇದೆ. ಈ ಅಲೆಯ ಒಂದೊಂದು ಕಣದ ಶಕ್ತಿ ನಿಮ್ಮ ಟ್ಯೂಬ್‌ಲೈಟಿನ ಬೆಳಕಿನ ಕಣಕ್ಕಿಂತ ಕೋಟಿಗಟ್ಟಲೆ ಪಟ್ಟು ಕಡಿಮೆ. ಆಂಟೆನಾದ ಬುಡದಲ್ಲಿ ಕೆಲಸ ಮಾಡುವವರಿಗೆ ಸುರಕ್ಷತೆಯ ಮಿತಿಗಳಿವೆ, ಅದು ವಿದ್ಯುತ್ ಕಂಬ ಹತ್ತುವವರಿಗೂ ಇರುತ್ತದೆ.

ಈಗ ಹೆಸರಿನ ವಿಚಾರ. ಬಯಲಾಟ ನೋಡಿದವರಿಗೆ ಪರದೆಯ ಹಿಂದಿನಿಂದ ಬರುವ ಅಶರೀರವಾಣಿ ಗೊತ್ತು. ಕಂಸನಿಗೆ ಅವನ ಸಾವಿನ ಸುದ್ದಿ ಹೇಳಿದ್ದು ಅದೇ ಆಕಾಶವಾಣಿ. ರೇಡಿಯೊಗೆ ಇದಕ್ಕಿಂತ ಒಪ್ಪುವ ಪದ ಸಿಗುವುದು ಕಷ್ಟ. ಮೈಸೂರಿನಲ್ಲಿ ಇದನ್ನು ಸೂಚಿಸಿದವರು ಯಾರು ಎಂಬುದರಲ್ಲಿ ಎರಡು ಮಾತಿವೆ. ಗೋಪಾಲಸ್ವಾಮಿಯವರೇ ಎನ್ನುವವರಿದ್ದಾರೆ. ಅವರ ಜೊತೆ ಕೇಂದ್ರದಲ್ಲಿ ದುಡಿದ ಹಾಸ್ಯ ಬರಹಗಾರ ನಾ. ಕಸ್ತೂರಿ ಎನ್ನುವವರೂ ಇದ್ದಾರೆ. ಇಬ್ಬರಲ್ಲಿ ಯಾರೇ ಆಗಲಿ, ಹೆಸರು ಮೈಸೂರಿನ ಕೇಂದ್ರದ್ದು. ಠಾಕೂರರು ಆಕಾಶವಾಣಿ ಎಂಬ ಹೆಸರಿನ ಕವಿತೆ ಬರೆದಿದ್ದು ಹೌದು, ಕಲ್ಕತ್ತೆಯ ಶಾರ್ಟ್‌ವೇವ್ ಕೇಂದ್ರದ ಆರಂಭಕ್ಕೆ. ಅದು 1938. ಫಾರ್ವರ್ಡ್‌ಗೆ ಹುಟ್ಟು ಕೊಟ್ಟಿದ್ದು ಈ ಕವಿತೆಯೇ ಇರಬೇಕು. ದೆಹಲಿಯ ಫೀಲ್ಡನ್ ತಮ್ಮ ಸಂಸ್ಥೆಗೆ 1936ರ ಜೂನ್ 8ರಂದು ಆರಿಸಿಕೊಂಡ ಹೆಸರು ಆಲ್ ಇಂಡಿಯಾ ರೇಡಿಯೊ. ಅದು ಆಕಾಶವಾಣಿ ಎಂದೂ ಕರೆಸಿಕೊಳ್ಳತೊಡಗಿದ್ದು 1950ರ ದಶಕದ ಎರಡನೇ ಅರ್ಧದಲ್ಲಿ. 2023ರ ಮೇ ತಿಂಗಳಲ್ಲಿ ಪ್ರಸಾರ ಭಾರತಿ ಇಂಗ್ಲಿಷ್ ಹೆಸರನ್ನು ಕೈಬಿಟ್ಟು ಇನ್ನು ಮುಂದೆ ಆಕಾಶವಾಣಿ ಎಂದೇ ಹೇಳಬೇಕೆಂದು ಆದೇಶಿಸಿತು. ಮುಂದಿನ ಸಲ ಗುಂಪಿನಲ್ಲಿ ಠಾಕೂರರ ಫೋಟೊ ಹಾಕಿದ ಆ ಸಂದೇಶ ಬಂದರೆ ಕೆಳಗೆ ಎರಡು ಇಸವಿ ಬರೆದು ಕಳಿಸಿ: ಮೈಸೂರು 1935, ಕಲ್ಕತ್ತೆ 1938.